ಎರಡು ತಲೆಯ ಹಾವಿನ ವಿಷಯವಾಗಿ ದೊಡ್ಡವ್ವನ ಉತ್ತರ

ತಮ್ಮಾ, ತೊಗರಿ ಹೊಲದ ಬದುವಿನಲ್ಲಿ ಎರಡು ತಲೆಯ ಹಾವು ಸಿಕ್ಕಿದೆ, ಡ್ರಮ್ಮಿನಲ್ಲಿ ಮುಚ್ಚಿಟ್ಟಿದ್ದೇನೆ, ಹುಮನಾಬಾದ್ ಕಡೆಯವನೊಬ್ಬ ಇಪ್ಪತ್ತು ಲಕ್ಷ ಕೊಡುತ್ತೇನೆ ಎನ್ನುತ್ತಿದ್ದಾನೆ, ಬಿಟ್ಟರೆ ಮನೆಯ ಲಕ್ಷ್ಮಿ ಹೊರಟುಹೋದಾಳೇ ಎಂದು ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ಕೇಳಿಸಿಕೊಂಡೆ. ಆ ಮನುಷ್ಯನಿಗೆ ಪರೀಕ್ಷೆಯ ಖರ್ಚೆಂದು ಒಂದು ರೂಪಾಯಿಯನ್ನೂ ಕೊಡಬೇಡ.

ನಿನ್ನ ಸಣ್ಣ ಕಾಕಾ ಎಂಥವರೆಂಬುದನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಸೇಡಂ ಕಡೆಯ ಹೊಲದಲ್ಲಿ ಇಂಥದೇ ಹಾವು ಸಿಕ್ಕಾಗ, ಅವರು ನೀರು ಕಾಯಿಸುವ ಹಳೆಯ ಹಂಡೆಗೆ ಮರಳು ತುಂಬಿ ಅದರಲ್ಲಿ ಇಟ್ಟಿದ್ದರು. ಆರು ತಿಂಗಳು ಒಂದು ತಲೆ, ಇನ್ನಾರು ತಿಂಗಳು ಮತ್ತೊಂದು ತಲೆ ಕಾರುಬಾರು ನಡೆಸುತ್ತದೆ, ಭೂಮಿಯೊಳಗಿನ ನಿಧಿಯನ್ನು ತೋರಿಸಿಕೊಡುತ್ತದೆ ಎಂದು ಊರೆಲ್ಲ ಹೇಳಿತು. ಹಾವು ಮಾತ್ರ ಮರಳಿನಲ್ಲಿ ಹೂತುಕೊಂಡು ಮಲಗಿರುತ್ತಿತ್ತು. ಮುಟ್ಟಿದರೆ ನಿಜವಾದ ತಲೆಯನ್ನು ಮೈಸುರುಳಿಯ ಕೆಳಗೆ ಅಡಗಿಸಿ, ಮೊಂಡಾದ ಬಾಲವನ್ನು ಎತ್ತಿ ತೋರಿಸುತ್ತಿತ್ತು. ನಿನ್ನ ಕಾಕಿ ಶುಕ್ರವಾರಕ್ಕೊಮ್ಮೆ ಆ ಬಾಲಕ್ಕೇ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಳು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂದಿರುಗುವ ದೆವ್ವಕ್ಕೆ ಅಕ್ಷರವಾದರೂ ಬರುತ್ತದೆ. ಇದಕ್ಕೆ ಹೆಡೆಯಿಲ್ಲ, ವಿಷವಿಲ್ಲ, ಎದುರು ನಿಲ್ಲುವ ಉಮೇದೂ ಇಲ್ಲ.

ಎರಡೂವರೆ ಕಿಲೋ ತೂಗಿದರೆ ಕೋಟಿ ಎಂದು ಕೊಳ್ಳುವವನು ಹೇಳಿದ್ದ. ಇದು ಒಂದು ಕಿಲೋ ಕೂಡ ತೂಗಲಿಲ್ಲ. ತೂಕ ಏರಲೆಂದು ಕಾಕಾ ಓಣಿಯ ಹುಡುಗರಿಂದ ಇಲಿ ಹಿಡಿಸಿ ತಂದರೆ, ಒಂದನ್ನು ನುಂಗಿ ವಾರವಿಡೀ ಮಲಗಿತು. ಆಗ ಅವನು, ಹೈದರಾಬಾದಿನಿಂದ ದೊಡ್ಡ ಸಾಹೇಬರು ಪರೀಕ್ಷೆಗೆ ಬರಬೇಕು, ಅವರ ಖರ್ಚು ನೀವೇ ಕೊಡಬೇಕು ಎಂದು ಹಣ ಇಸಿದುಕೊಂಡು ಹೋದ. ಸಾಹೇಬರೂ ಬರಲಿಲ್ಲ, ಅವನ ಫೋನೂ ಹತ್ತಲಿಲ್ಲ, ಅಷ್ಟರಲ್ಲಿ ಹಂಡೆಯೊಳಗಿನ ಹಾವೂ ಕಾಣೆಯಾಗಿತ್ತು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಪರೀಕ್ಷೆಯ ಖರ್ಚೆಂದು ಒಂದು ರೂಪಾಯಿಯನ್ನೂ ಕೊಡಬೇಡ.

ಆ ಖರ್ಚಿನ ಹಣ ಯಾರದೆಂದು ಈ ಮನೆತನದಲ್ಲಿ ಇಂದಿನವರೆಗೆ ಒಬ್ಬರೂ ಕೇಳಿಲ್ಲ. ನನ್ನ ತವರಿನವರು ಹಾಕಿದ ಬೋರಮಾಳವನ್ನು ಅಡವಿಟ್ಟು ತಂದ ಹಣ ಅದು. ಬೋರಮಾಳ ಬಿಡಿಸಿಕೊಂಡು ಬರಲಿಲ್ಲ. ಮೇಲಾಗಿ, ನಾನು ಮಂಗಳವಾರ ಹಂಡೆ ಮುಟ್ಟಿದ್ದಕ್ಕೇ ಹಾವು ಮುನಿಸಿಕೊಂಡು ಹೋಯಿತೆಂದು ಹಿರಿಯರೆಲ್ಲ ಕುಳಿತು ತೀರ್ಮಾನ ಮಾಡಿದರು. ಅದೇ ಕಾಕಾನನ್ನು ನೀವು ಇಂದಿಗೂ ಲಗ್ನದ ಮಾತುಕತೆಗೆ ವ್ಯವಹಾರಸ್ಥರೆಂದು ಮುಂದೆ ಕೂರಿಸುತ್ತೀರಿ, ನನ್ನ ಸಂದೇಶಕ್ಕೆ ಮಾತ್ರ ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗುತ್ತೀರಿ.

ಇರಲಿ, ಹೇಳಬೇಕಾದ ಮುಖ್ಯ ಮಾತೇ ಉಳಿದುಹೋಗುತ್ತಿತ್ತು. ಅದು ಮಣ್ಣುಮುಕ್ಕ ಹಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದಿಟ್ಟುಕೊಳ್ಳುವುದೂ ಮಾರುವುದೂ ಅಪರಾಧ, ಸಿಕ್ಕಿಬಿದ್ದರೆ ಕೊಳ್ಳುವವನ ಜೊತೆಗೆ ನೀನೂ ಕೋರ್ಟು ಅಲೆಯಬೇಕಾಗುತ್ತದೆ. ಇಂದೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡು. ಅವರು ಬರುವವರೆಗೆ ಡ್ರಮ್ಮು ನೆರಳಿನಲ್ಲಿರಲಿ, ಗಾಳಿಯಾಡುವಂತೆ ಮುಚ್ಚಳಕ್ಕೆ ತೂತು ಹಾಕು. ನಿನ್ನ ಅವ್ವ ಅದರೊಳಗೆ ಹಾಲಿನ ಬಟ್ಟಲು ಇಟ್ಟಿದ್ದರೆ ತೆಗೆದು ಬೆಕ್ಕಿಗೆ ಕೊಡು. ಹಾವು ಹಾಲು ಕುಡಿಯುವುದಿಲ್ಲ, ನಿನ್ನ ಹೊಲದ ಇಲಿಗಳನ್ನು ತಿನ್ನುತ್ತದೆ.