ಅಪ್‌ಡೇಟ್: ಹರಿದ ಕಿವಿಯ ಹೊಲಿಗೆಗೆ ಯಾವ ಕೋಡ್ ಎಂಬ ನನ್ನ ಪ್ರಶ್ನೆ

ಹಾಸನದಲ್ಲಿದ್ದುಕೊಂಡು ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಗೆ ರೋಗ, ಚಿಕಿತ್ಸೆಗಳನ್ನು ಸೂಚಿಸುವ ಕೋಡ್ ಹಾಕುವ ನಾನು, ‘ಕಿವಿ ಹರಿದಿದೆ, ಹೊಲಿಗೆ ಹಾಕಲಾಗಿದೆ’ ಎಂದಷ್ಟೇ ಇದ್ದ ಒಂದು ಟಿಪ್ಪಣಿಗೆ ಯಾವ ಕೋಡ್ ಸೂಕ್ತವೆಂದು ಕೇಳಿದ್ದೆ. ಊಹೆಗೆ ಹೋಗದೆ ವೈದ್ಯರನ್ನೇ ವಿಚಾರಿಸಿ ಎಂದು ಸಲಹೆ ಕೊಟ್ಟ ಎಲ್ಲರಿಗೂ ಕೃತಜ್ಞತೆಗಳು. ವೈದ್ಯರ ಉತ್ತರ ಬಂದಿದೆ.

ಉತ್ತರವನ್ನು ನಾವೇ ಸೂಚಿಸುವಂತಹ ಪ್ರಶ್ನೆ ಕೇಳಬಾರದಾದ್ದರಿಂದ, ಯಾವ ಬದಿ, ಎಷ್ಟು ಉದ್ದ, ಎಷ್ಟು ಆಳ, ಯಾವ ಪದರಗಳಿಗೆ ಹೊಲಿಗೆ ಎಂದು ಮಾತ್ರ ಕೇಳಿದ್ದೆ. ವೈದ್ಯರು ದಿನಾಂಕಸಹಿತ ಸೇರಿಸಿದ ಪೂರಕ ಟಿಪ್ಪಣಿಯಂತೆ ಗಾಯ ಎಡಗಿವಿಯದು, 3 ಸೆಂ.ಮೀ. ಉದ್ದದ್ದು, ಒಳಗೆ ಅನ್ಯವಸ್ತುವೇನೂ ಇರಲಿಲ್ಲ. ಕಿವಿಯ ಮೇಲಂಚೇ ಸೀಳಿ ಮೃದ್ವಸ್ಥಿ ಕಾಣುತ್ತಿದ್ದುದರಿಂದ ಒಳಪದರಕ್ಕೂ ಚರ್ಮಕ್ಕೂ ಪ್ರತ್ಯೇಕವಾಗಿ ಹೊಲಿಗೆ ಹಾಕಲಾಗಿದೆ.

ಹೀಗಾಗಿ ಮೊದಲ ಭೇಟಿಯ ರೋಗನಿರ್ಣಯಕ್ಕೆ ಐಸಿಡಿ-10-ಸಿಎಂನ (ಅಮೆರಿಕದಲ್ಲಿ ಬಳಸುವ ರೋಗನಿರ್ಣಯ ಕೋಡ್‌ಗಳ ಪಟ್ಟಿ) ಎಸ್01.312ಎ. ಸಿಪಿಟಿ ಎಂಬ ಚಿಕಿತ್ಸಾ ಕೋಡ್‌ಗಳ ಪಟ್ಟಿಯಿಂದ ಆರಿಸಬೇಕಾದ ಹೊಲಿಗೆಯ ಕೋಡ್ ಇನ್ನೂ ಸೂಕ್ಷ್ಮವಾದದ್ದು: ಒಂದೇ ಪದರದ ಹೊಲಿಗೆಯಾಗಿದ್ದರೆ 12013, ಪದರಗಳ ಹೊಲಿಗೆಯಷ್ಟೇ ಆಗಿದ್ದರೆ 12052 ಆಗುತ್ತಿತ್ತು, ಆದರೆ 2020ರಲ್ಲಿ ಸಿಪಿಟಿ ವ್ಯಾಖ್ಯೆ ಪರಿಷ್ಕೃತವಾದ ಮೇಲೆ, ಪದರಗಳ ಹೊಲಿಗೆಯ ಜೊತೆಗೆ ಮೃದ್ವಸ್ಥಿ ತೆರೆದುಕೊಂಡಿರುವುದೋ ಕಿವಿಯ ಮೇಲಂಚು ಸೀಳಿರುವುದೋ ದಾಖಲಾಗಿದ್ದರೆ ಅದನ್ನು ಸಂಕೀರ್ಣ ದುರಸ್ತಿ ಎಂದು ಪರಿಗಣಿಸಬಹುದು. ಆದ್ದರಿಂದ ಸಂಕೀರ್ಣ ದುರಸ್ತಿಯ ಕೋಡ್ ಆದ 13152 ಹಾಕಿದ್ದೇನೆ.

ನಮ್ಮ ಕಡೆ ಹೆಚ್ಚು ಪರಿಚಿತವಾದ, ಓಲೆ ಎಳೆದು ಕಿವಿಯ ಕೆಳಭಾಗ ಹರಿಯುವ ಗಾಯಕ್ಕೆ ಈ ತೀರ್ಮಾನವನ್ನು ಹಾಗೆಯೇ ಅನ್ವಯಿಸಲಾಗದು, ಏಕೆಂದರೆ ಅಲ್ಲಿ ಮೃದ್ವಸ್ಥಿಯೇ ಇರುವುದಿಲ್ಲ. ಇಂತಹ ದಾಖಲೆಗಳಲ್ಲಿ ಉದ್ದವನ್ನು ಸೆಂಟಿಮೀಟರಿನಲ್ಲಿ, ಹೊಲಿದ ಪದರಗಳನ್ನು ಹೆಸರಿಸಿ ಬರೆಯುವಂತೆ ವೈದ್ಯರನ್ನು ಕೋರುವ ಒಂದು ಪ್ರಶ್ನಾಪತ್ರವನ್ನು ಈಗ ಸಿದ್ಧಪಡಿಸುತ್ತಿದ್ದೇನೆ.