ಗ್ಯಾಸ್ ಇದ್ದರೂ ಒಲೆ ಬಿಡದ ಅತ್ತೆಯವರ ಕೆಮ್ಮು: ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಬ್ರಹ್ಮಾವರದ ಒಳಭಾಗದ ಹಳ್ಳಿ ನಮ್ಮದು. ಅರುವತ್ತರ ಹತ್ತಿರದ ನಮ್ಮ ಅತ್ತೆಯವರಿಗೆ ಮಳೆಗಾಲ ಹಿಡಿದರೆ ಕೆಮ್ಮು ಬಿಡುವುದಿಲ್ಲ. ಈಗೀಗ ಅಂಗಳ ದಾಟುವಷ್ಟರಲ್ಲಿ ಏದುಸಿರು ಬರುತ್ತದೆ. ಗ್ಯಾಸ್ ಇದ್ದರೂ ಕುಚ್ಚಲಕ್ಕಿ ಅನ್ನಕ್ಕೆ ಮತ್ತು ಬಚ್ಚಲಿನ ಹಂಡೆಗೆ ಅವರಿಗೆ ಕಟ್ಟಿಗೆಯ ಒಲೆಯೇ ಆಗಬೇಕು. ಅವರ ಮನಸ್ಸು ನೋಯಿಸದೆ ಇದನ್ನು ಬದಲಿಸಿದವರು ದಯವಿಟ್ಟು ಅನುಭವ ತಿಳಿಸಿ.

ಕಾರ್ಕಳದಿಂದ:
ಒಲೆಯ ಮಾತು ಎತ್ತುವ ಮೊದಲು ತಪಾಸಣೆ ಮಾಡಿಸಿ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಆಗುತ್ತದೆ. ಅದರಲ್ಲಿ ಏನೂ ಕಾಣದಿದ್ದರೆ ಸ್ಪೈರೋಮೆಟ್ರಿ ಮಾಡಿಸಬೇಕೆಂದು ನೀವೇ ಕೇಳಿ, ಏಕೆಂದರೆ ಹೆಂಗಸರ ಕೆಮ್ಮಿಗೆ ಸಿರಪ್ ಬರೆದು ಕಳುಹಿಸುವುದೇ ಹೆಚ್ಚು. ಕೊಳವೆಗೆ ಬಾಯಿಟ್ಟು ಜೋರಾಗಿ ಊದಿಸುವ ಪರೀಕ್ಷೆ ಅದು; ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಒಟ್ಟು ಊದಿದ್ದರ ಶೇ. 70ಕ್ಕಿಂತ ಕಡಿಮೆಯಿದ್ದರೆ ವೈದ್ಯರು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರಬಹುದೆಂದು ನೋಡುತ್ತಾರೆ. ಬೀಡಿ ಸೇದುವ ಗಂಡಸರಿಗೆ ಮಾತ್ರ ಬರುವ ಕಾಯಿಲೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಮ್ಮ ಅಮ್ಮ ಜೀವಮಾನದಲ್ಲಿ ಬೀಡಿ ಸೇದಿದವರಲ್ಲ; ಆದರೆ ಹಸಿ ಕಟ್ಟಿಗೆ ಹೊತ್ತಿಕೊಳ್ಳುವವರೆಗೆ ಒಲೆಯ ಬಾಯಿಗೆ ಬಗ್ಗಿ, ಊದುಕೊಳವೆ ಹಿಡಿದು, ಸೆರಗಿನಿಂದ ಕಣ್ಣೊರೆಸುತ್ತಾ ಪ್ರತಿದಿನ ಹೊಗೆಯನ್ನೇ ಉಸಿರಾಡಿದವರು. ಅವರಿಗೆ ಬಂದದ್ದು ಇದೇ ಕಾಯಿಲೆ. ಇನ್ಹೇಲರ್ ಆರಂಭಿಸಿದ ಮೇಲೆ ರಾತ್ರಿ ನಿದ್ದೆ ಬರುತ್ತಿದೆ, ಆದರೆ ಕೆಟ್ಟ ಶ್ವಾಸಕೋಶ ಮೊದಲಿನಂತಾಗುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ, ಆದ್ದರಿಂದ ತಡಮಾಡಬೇಡಿ. ನಿಮ್ಮ ಅತ್ತೆಯವರು ಬೀಡಿ ಕಟ್ಟಿದವರಾಗಿದ್ದರೆ ಹೊಗೆಸೊಪ್ಪಿನ ಧೂಳಿನ ವಿಷಯವನ್ನೂ ವೈದ್ಯರಿಗೆ ತಿಳಿಸಿ. ಕಣ್ಣಿನ ಪೊರೆಗೂ ಹೊಗೆಗೂ ಸಂಬಂಧವಿರುವುದರಿಂದ ಕಣ್ಣನ್ನೂ ತೋರಿಸುವುದು ಒಳ್ಳೆಯದು.

ಮನೆಯಲ್ಲಿ ಯಾರಾದರೂ ಹಿಂದಿನವರು ಹೊಗೆಯಲ್ಲೇ ಬದುಕಲಿಲ್ಲವೇ ಎಂದರೆ, ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಅವರಿಗೆ ತಿಳಿಸಿ.

ಬಂಟ್ವಾಳದಿಂದ:
ನಮ್ಮಲ್ಲೂ ಒಲೆ ಉಳಿದದ್ದು ಕುಚ್ಚಲಕ್ಕಿಯ ಕಾರಣಕ್ಕೇ. ಅದು ಬೇಯಲು ಹಿಡಿಯುವ ಹೊತ್ತಿಗೆ ಸಿಲಿಂಡರ್ ಬೇಗ ಮುಗಿಯುತ್ತದೆಂಬ ಹಿರಿಯರ ಲೆಕ್ಕ ತಪ್ಪಲ್ಲ, ಕುಕ್ಕರಿನಲ್ಲಿ ಬೆಂದ ಅನ್ನದಿಂದ ತಿಳಿ ಬಸಿಯಲಾಗುವುದಿಲ್ಲವೆಂಬ ಅವರ ಬೇಸರವೂ ನಿಜ. ಅಕ್ಕಿಯನ್ನು ಮುಂಚಿತವಾಗಿ ನೆನೆಸಿ, ಗ್ಯಾಸಿನ ಮೇಲೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಹಾಗೆಯೇ ಬಿಸಿ ಆರದಂತೆ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗಿಟ್ಟು ಮುಚ್ಚಿದರೆ ಒಂದೆರಡು ಗಂಟೆಯಲ್ಲಿ ಅನ್ನ ತಾನಾಗಿ ಅರಳಿರುತ್ತದೆ, ತಿಳಿಯೂ ಸಿಗುತ್ತದೆ. ನಮ್ಮ ದೊಡ್ಡಮ್ಮ ಒಪ್ಪಿದ್ದು ಆ ತಿಳಿಯ ರುಚಿ ನೋಡಿದ ಮೇಲೆ. ಒಲೆ ಬಿಡಿ ಎಂಬ ಮಾತನ್ನು ನಾವು ಆಡಲೇ ಇಲ್ಲ.

ಹಂಡೆಯ ಒಲೆಯನ್ನು ಪೂರ್ತಿ ನಿಲ್ಲಿಸಲು ಆಗಲಿಲ್ಲ. ತೋಟದಲ್ಲಿ ಬೀಳುವ ಮಡಲು, ಸಿಪ್ಪೆ, ಗೆರಟೆಗಳನ್ನು ಬಿಟ್ಟು ದುಡ್ಡು ಕೊಟ್ಟು ನೀರು ಕಾಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಒಲೆಯ ಬಾಯಿಯನ್ನು ಹೊರಗೋಡೆಯ ಕಡೆಗೆ ತಿರುಗಿಸಿ, ಮಾಡಿನ ನೆತ್ತಿಗಿಂತ ಎತ್ತರಕ್ಕೆ ಹೊಗೆ ಕೊಳವೆ ಹಾಕಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಲ್ಲೂ ಇಂಥ ಕೊಳವೆಯಿದೆ, ಆದರೆ ಕಟ್ಟಿದ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಒಳಗೇ ತಿರುಗುತ್ತದೆ. ಕಟ್ಟಿಗೆ ಮೇ ತಿಂಗಳೊಳಗೆ ಒಣಗಿ ಕೊಟ್ಟಿಗೆ ಸೇರಬೇಕು. ಹಸಿ ಕಟ್ಟಿಗೆಯಲ್ಲಿ ಬೆಂಕಿಯ ಕಾವು ನೀರನ್ನು ಆವಿ ಮಾಡುವುದರಲ್ಲೇ ಹೋಗುವುದರಿಂದ ಉರಿ ತಣ್ಣಗಾಗಿ ಹೊಗೆ ಹೆಚ್ಚುತ್ತದೆ. ಬೆಂಕಿ ಹಿಡಿಸಲು ಹಾಲಿನ ಪ್ಲಾಸ್ಟಿಕ್ ತೊಟ್ಟೆ ಹಾಕುವ ಅಭ್ಯಾಸವಿದ್ದರೆ ಅದನ್ನು ಇಂದೇ ನಿಲ್ಲಿಸಿ. ಗೇರುಬೀಜದ ಸಿಪ್ಪೆಯೂ ಬೇಡ, ಅದರ ಎಣ್ಣೆಯ ಹೊಗೆ ಬಹಳ ಕಟು. ದನಗಳಿದ್ದರೆ ಗೋಬರ್ ಗ್ಯಾಸ್ ಎಲ್ಲಕ್ಕಿಂತ ಉತ್ತಮವೆಂಬುದು ನನ್ನ ಅಭಿಪ್ರಾಯ.

ಮುಡಿಪುವಿನಿಂದ:
ಹಂಡೆಯ ಬದಲಿಗೆ ಗ್ಯಾಸ್ ಗೀಸರ್ ಹಾಕಿಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಅದನ್ನು ಬಚ್ಚಲಿನ ಒಳಗೆ ಇಡಬೇಡಿ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ, ಸ್ನಾನ ಮಾಡುತ್ತಿದ್ದವರು ತಲೆಸುತ್ತಿ ಅಲ್ಲಿಯೇ ಬೀಳುತ್ತಾರೆ. ಕೆಂಡ ತುಂಬಿದ ಒಲೆಯಿರುವ ಬಚ್ಚಲಿಗೂ ಇದೇ ಅನ್ವಯಿಸುತ್ತದೆ. ಗೀಸರನ್ನು ಹೊರಗೋಡೆಗೆ ಕೂರಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ.