ಅಷ್ಟೋತ್ತರದ ಪೆಟ್ಟಿಗೆ

"ಒಟ್ಟು 108 ಸಾಮಾನುಗಳಿವೆ, ರಾಯರೇ" ಎನ್ನುತ್ತ ಗುಂಡಣ್ಣನವರು ಹೊಸ ಪೆಟ್ಟಿಗೆಯ ಮುಚ್ಚಳ ತೆರೆದರು. ತಮ್ಮ ತಮ್ಮ ಗುಳಿಗಳಲ್ಲಿ ಮಲಗಿದ್ದ, ನಟ್ಟು ತಿರುಗಿಸುವ ಸಾಕೆಟ್ಟುಗಳು ಥಳಥಳಿಸಿದವು.

"ಹಾಗಾದರೆ ಅಷ್ಟೋತ್ತರವೇ ಆಯಿತು" ಎಂದರು ರಾಯರು. "ಒಂದೊಂದಕ್ಕೂ ನಮಃ ಎಂದು ಹೂವೇರಿಸುತ್ತ ಬಂದರೆ ಕಾರು ತಾನಾಗಿಯೇ ಸರಿಹೋಗಬಹುದು. ಈ ಹೊತ್ತಿನ ಸಂಕಲ್ಪವೇನು?"

"ಆಲ್ಟೋದ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಬೇಕು. ಹೊಸ ಪ್ಯಾಡು ದಪ್ಪವಾದ್ದರಿಂದ, ಅದನ್ನು ಚಕ್ರದ ತಟ್ಟೆಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕಾಗುತ್ತದೆ. ತಳ್ಳುವ ಸಾಧನ ಮಾತ್ರ ಇದರಲ್ಲಿ ಕಾಣುತ್ತಿಲ್ಲ."

"ಅದು ನೂರ ಒಂಬತ್ತನೆಯ ನಾಮ. ಬೇರೆ ಪೆಟ್ಟಿಗೆಯಲ್ಲಿರುತ್ತದೆ."

"ಆನ್‌ಲೈನಿನಲ್ಲಿ ಅದಕ್ಕೆಂದೇ ಒಂದು ಸೆಟ್ ಸಿಗುತ್ತದೆ" ಎಂದು ಪಕ್ಕದಲ್ಲಿದ್ದ ಮೇಷ್ಟ್ರು ಫೋನ್ ತೆಗೆದರು.

"ಫೋನನ್ನು ಜೇಬಿನಲ್ಲಿಡಿ, ಮೇಷ್ಟ್ರೇ. ಹಲಗೆಗಳನ್ನು ಬಿಗಿದು ಹಿಡಿಯುವ, ಮರಗೆಲಸದ ಜಿ ಕ್ಲಾಂಪ್ ಒಂದಿದ್ದರೆ ಸಾಕು. ಬಿಚ್ಚಿದ ಹಳೆಯ ಪ್ಯಾಡನ್ನೇ ಪಿಸ್ಟನ್ನಿನ ಮುಖಕ್ಕೆ ಅಡ್ಡಕೊಟ್ಟು, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ತಿರುಪನ್ನು ನಿಧಾನವಾಗಿ ಬಿಗಿಯುತ್ತ ಬಂದರೆ ಪಿಸ್ಟನ್ ಸದ್ದಿಲ್ಲದೆ ಒಳಸೇರುತ್ತದೆ. ಡಬ್ಬಿ ತುಂಬಿದ್ದರೆ ಮೊದಲೇ ಸ್ವಲ್ಪ ತೆಗೆದಿಡಿ. ಉಕ್ಕಿ ಚೆಲ್ಲಿದರೆ ಆ ತೀರ್ಥ ಕಾರಿನ ಬಣ್ಣವನ್ನೇ ತಿಂದುಹಾಕುತ್ತದೆ."

"ಅಗ್ಗದ ಕ್ಲಾಂಪ್ ನಂಬಬಹುದೇ?"

"ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಿಂತು ತಿರುಪನ್ನು ಕೊನೆಯವರೆಗೂ ಆಡಿಸಿ ನೋಡಿ. ತುದಿಯ ಬಿಲ್ಲೆ ಸಲೀಸಾಗಿ ಹೊರಳಬೇಕು, ಬಿಗಿದಾಗ ಎದುರಿನ ದವಡೆಗೆ ನೇರವಾಗಿ ಕೂರಬೇಕು. ಹೊಳಪನ್ನು ಯಾರೂ ಕೇಳುವುದಿಲ್ಲ. ಕಾರನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡಿನ ವಿಷಯದಲ್ಲಿ ಮಾತ್ರ ಅಗ್ಗವನ್ನು ಹುಡುಕಬೇಡಿ, ಏಕೆಂದರೆ ಅದರ ಪಕ್ಕದಲ್ಲಿ ನಿಮ್ಮ ತಲೆಯಿರುತ್ತದೆ."

"ಚಕ್ರದ ನಟ್ಟನ್ನು ಅಳತೆಗೆ ಬಿಗಿಯಲು ಟಾರ್ಕ್ ವ್ರೆಂಚ್ ಬೇಕಲ್ಲ?" ಎಂದರು ಗುಂಡಣ್ಣನವರು.

ಈಗ ಮೇಷ್ಟ್ರೊಳಗಿನ ಭೌತಶಾಸ್ತ್ರ ಎದ್ದು ಕುಳಿತಿತು. "ಕೈಪಿಡಿಯಲ್ಲಿ 85 ನ್ಯೂಟನ್ ಮೀಟರ್ ಎಂದಿದ್ದರೆ, ನಟ್ಟಿನಿಂದ ಅರ್ಧ ಮೀಟರ್ ದೂರದಲ್ಲಿ ಸ್ಪ್ಯಾನರಿನ ಹಿಡಿಗೆ ಲಗೇಜು ತೂಗುವ ತಕ್ಕಡಿಯ ಕೊಕ್ಕೆ ಹಾಕಿ, ಹಿಡಿಗೆ ಲಂಬವಾಗಿ ಎಳೆಯಬೇಕು. ತಕ್ಕಡಿ 17 ಕಿಲೋ ದಾಟುತ್ತಿದ್ದಂತೆ ನಿಲ್ಲಿಸಿದರಾಯಿತು."

"ನೋಡಿದಿರಾ, ಫೋನ್ ಒಳಗೆ ಹೋದೊಡನೆ ವಿದ್ಯೆ ಹೊರಗೆ ಬಂತು" ಎಂದರು ರಾಯರು. "ಈ ಪೆಟ್ಟಿಗೆಯಲ್ಲಿ ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳರ ನಂಬರುಗಳೇ ಹೆಚ್ಚಾಗಿ ನಿಮ್ಮ ಕೈಗೆ ಬರುವುದು. ಉಳಿದವು ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಮಲಗುತ್ತವೆ. ನಮ್ಮ ಬೀದಿಯ ಮೇಸ್ತ್ರಿಯ ಬಳಿ ಇದ್ದದ್ದು ಎಣ್ಣೆ ಕುಡಿದ ಒಂದು ಗೋಣಿಚೀಲ. ಅದರಲ್ಲಿದ್ದ ಒಂದು ಸ್ಪ್ಯಾನರನ್ನು ಅವನೇ ಕಾಯಿಸಿ ಸೊಟ್ಟಗೆ ಬಗ್ಗಿಸಿಕೊಂಡಿದ್ದ. ಕಾರ್ಬುರೇಟರಿನ ಹಿಂದೆ ಅಡಗಿದ ಒಂದು ನಟ್ಟಿಗಲ್ಲದೆ ಬೇರೆ ಯಾವುದಕ್ಕೂ ಅದು ಒದಗುತ್ತಿರಲಿಲ್ಲ. ಅದಕ್ಕೆ ಯಾವ ನಾಮಾವಳಿಯಲ್ಲೂ ಹೆಸರಿಲ್ಲ."

"ಅವನ ಶೆಡ್ ಮುಚ್ಚಿತಲ್ಲವೇ?"

"ಮುಚ್ಚಿ ಬಹಳ ಕಾಲವಾಯಿತು. ಚೀಲವನ್ನು ತೂಕಕ್ಕೆ ಹಾಕಿದರಂತೆ. ಮಗ ಈಗ ಪಾರ್ಸೆಲ್ ಹಂಚುತ್ತಾನೆ. ನಿಮಗೆ ಈ ಪೆಟ್ಟಿಗೆ ತಂದುಕೊಟ್ಟವನೂ ಅವನೇ ಇರಬೇಕು."

ಗುಂಡಣ್ಣನವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಿಮ್ಮ ಜಿ ಕ್ಲಾಂಪ್ ಕೊಡಿ, ಸಂಜೆಗೆ ಹಿಂತಿರುಗಿಸುತ್ತೇನೆ" ಎಂದರು.

"ಅದು ನಮ್ಮ ಮನೆಯ ಕುರ್ಚಿಯ ಕಾಲನ್ನು ಹಿಡಿದು ಕುಳಿತಿದೆ. ಅಂಟು ಬೆಳಗಿನವರೆಗೂ ಒಣಗಬೇಕು."

"ಕುರ್ಚಿಗೆ ಕ್ಲಾಂಪೇ ಏಕೆ, ರಾಯರೇ? ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಸುತ್ತಿ ಕಟ್ಟಿದರೂ ಅಂಟು ಹಿಡಿಯುತ್ತದೆ."

ಮೇಷ್ಟ್ರು ನಕ್ಕುಬಿಟ್ಟರು. ರಾಯರು ಸೋಲನ್ನು ಒಪ್ಪುವ ಜಾತಿಯವರಲ್ಲ. "ಆಗಲಿ, ಟ್ಯೂಬ್ ನನ್ನಲ್ಲಿದೆ. ಅದನ್ನು ಕತ್ತರಿಸಲು ಒಂದು ಕತ್ತರಿಯಾದರೂ ನಿಮ್ಮ ನೂರೆಂಟರಲ್ಲಿ ಇದೆಯೋ, ಹುಡುಕಿ ಹೇಳಿ."